ಮಾವನಿಗಾಗಿ ಮಾಡಿದ ಅನುವಾದ

ಮೊನ್ನೆ ಊಟವಾದ ಮೇಲೆ ತಮ್ಮನ ಮಗಳು ಫೋನು ಹಿಡಿದು ಬಂದಳು. ಆ ಪ್ರಸಿದ್ಧ ಬಾಹ್ಯಾಕಾಶ ಸಿನಿಮಾದ ಎರಡನೇ ಭಾಗ ಮೊದಲ ಸಲ ತೆರೆಕಂಡಾಗ ಪ್ರೇಕ್ಷಕರು ಹೌಹಾರಿದ ಸದ್ದನ್ನು ಯಾವುದೋ ದೇಶದಲ್ಲಿ ಯಾರೋ ಧ್ವನಿಮುದ್ರಿಸಿಟ್ಟಿದ್ದರಂತೆ. ಒಂದು ಕ್ಷಣ ಮೌನ, ಆಮೇಲೆ ಇಡೀ ಚಿತ್ರಮಂದಿರ ಒಟ್ಟಿಗೆ ಚೀರುತ್ತದೆ.

"ಅತ್ತೆ, ನೀವು ನೋಡುವಾಗಲೂ ಹೀಗೇ ಆಗಿತ್ತಾ?"

ಆಗಿತ್ತು. ಆದರೆ ನಮ್ಮ ಮಂಗಳೂರಿನಲ್ಲಿ ಅದು ಎರಡು ಕಂತಿನಲ್ಲಿ ಆಯಿತು. ಸಿನಿಮಾದ ನಾಯಕ ಹುಡುಗನ ಬೆನ್ನುಹತ್ತಿದ್ದ ದುಷ್ಟನೇ ಅವನ ಅಪ್ಪ ಎಂದು ತಿಳಿದಾಗ ಮೊದಲು ಬೆಚ್ಚಿದ್ದು ಬಾಲ್ಕನಿ. ಅಲ್ಲಿದ್ದವರಿಗೆ ಇಂಗ್ಲಿಷ್ ಬರುತ್ತಿತ್ತು. ಕೆಳಗಿದ್ದವರು ಪಕ್ಕದವರನ್ನು ವಿಚಾರಿಸಿಕೊಂಡು, ಸಿನಿಮಾ ಬೇರೆ ದೃಶ್ಯಕ್ಕೆ ಹೋದ ಮೇಲೆ ಬೆಚ್ಚಿದರು.

ನಾನು ಕೆಳಗೆ ಸೋದರಮಾವನ ಪಕ್ಕದಲ್ಲಿ ಕೂತಿದ್ದೆ. ಮಾವನಿಗೆ ಕುಲಶೇಖರದಲ್ಲಿ ಜಿನಸಿನ ಅಂಗಡಿ. ಇಂಗ್ಲಿಷ್ ಬಾರದಿದ್ದರೂ ಇಂಗ್ಲಿಷ್ ಸಿನಿಮಾ ಬಿಡುವವರಲ್ಲ. ಡಿಗ್ರಿ ಮುಗಿಸಿದ ನಾನು ಅವರ ದುಭಾಷಿ, ಸಂಬಳ ಒಂದು ಪೊಟ್ಟಣ ನೆಲಗಡಲೆ. ಆದರೆ ಆ ಶನಿವಾರ ಅವರು ನನ್ನನ್ನು ಕರೆದೊಯ್ದದ್ದು ಸಮಾಧಾನಪಡಿಸಲು. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. "ಅಷ್ಟು ಗಂಡಸರ ನಡುವೆ ನೀನೊಬ್ಬಳು ಎಂತಕ್ಕೆ?" ಎಂದು ಮಾವ ನೇಮಕದ ಪತ್ರವನ್ನು ಅಂಗಡಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ನಮ್ಮದು ಅಳಿಯಸಂತಾನದ ಮನೆ. ಅಪ್ಪ ಬಂದುಹೋಗುವವರು, ಮಾವನೇ ಯಜಮಾನ. ಅವರು ಬೇಡವೆಂದರೆ ಮುಗಿಯಿತು.

ಬಾಲ್ಕನಿ ಚೀರಿದ್ದೇ ಮಾವ ನನ್ನ ಮೊಣಕೈ ತಿವಿದರು. "ಎಂತ ಹೇಳಿದ ಮಾರಾಯ್ತಿ ಅವ?"

"ತಾನು ಅವನ ಸೋದರಮಾವನಂತೆ" ಎಂದೆ.

ಯಾಕೆ ಹಾಗೆಂದೆ? ಇಷ್ಟು ವರ್ಷ ಕೇಳಿದವರಿಗೆಲ್ಲ ಜಂಬದಿಂದ ಹೇಳಿಕೊಂಡು ಬಂದಿದ್ದೇನೆ: ಒಳ್ಳೆಯ ಅನುವಾದ ಎಂದರೆ ಅದು! ನಮ್ಮ ಕಡೆಯವರಿಗೆ ಅಪ್ಪ ಎಂದರೆ ಅಂಥ ಆಘಾತವೇನೂ ಆಗದು, ಮಾವ ಎಂದರೆ ಎದೆಗೇ ಬಡಿಯುತ್ತದೆ. ಬಡಿಯಿತು ಕೂಡ.

"ಮಾವನಾ?" ಎಂದವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಪರದೆ ನೋಡಲಿಲ್ಲ, ನೆಲಗಡಲೆಯ ಪೊಟ್ಟಣ ಬಿಚ್ಚಲಿಲ್ಲ. ಭಾನುವಾರ ಬೆಳಿಗ್ಗೆ, ರಜೆಯ ದಿನ, ಅಂಗಡಿಯ ಬಾಗಿಲು ತೆರೆದು ಪತ್ರ ತಂದು ನನ್ನ ಕೈಗಿಟ್ಟರು. "ನಾಳೆ ಬಸ್ಸು ತಪ್ಪಿಸ್ಬೇಡ" ಎಂದರು, ಅಷ್ಟೇ. ಆ ಕಾರ್ಖಾನೆಯಿಂದಲೇ ನಾನು ನಿವೃತ್ತಳಾದೆ.

ಇದನ್ನೆಲ್ಲ ಹುಡುಗಿಗೆ ಹೇಳಿ ನಕ್ಕೆ. ಮಾವ ಅಲ್ಲೇ ಕುರ್ಚಿಯಲ್ಲಿದ್ದರು. ಈಗ ಶಕ್ತಿನಗರದ ಈ ಮನೆಯಲ್ಲಿ ನನ್ನ ಜೊತೆಗೇ ಇದ್ದಾರೆ. ಕಿವಿ ಮಂದ, ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದೆ.

"ಫಾದರ್ ಅಂದ್ರೆ ಎಂತ ಅಂತ ನನಗೆ ಗೊತ್ತಿಲ್ವಾ? ಇಗರ್ಜಿಯ ಎದುರು ಅಂಗಡಿ ಇಟ್ಟು ದಿನಾ ಪಾದ್ರಿಗಳಿಗೆ ಸಾಮಾನು ಕೊಟ್ಟವ ನಾನು. ಕೇಳಿಸಿದ್ದು ಸರಿಯಾ ಅಂತ ನಿನ್ನನ್ನು ಕೇಳಿದ್ದಷ್ಟೆ" ಎಂದರು ಕಣ್ಣು ಮುಚ್ಚಿಕೊಂಡೇ.

ನನ್ನ ನಗು ಅಲ್ಲೇ ನಿಂತಿತು. "ಮತ್ತೆ ನೀವು ಗಾಬರಿಯಾದದ್ದು?"

"ಅವನು ಹೇಳಿದ್ದಕ್ಕಲ್ಲ, ನೀನು ಹೇಳಿದ್ದಕ್ಕೆ. ಆ ರಾಕ್ಷಸನನ್ನು ನೋಡುವಾಗ ನಿನಗೆ ನನ್ನ ನೆನಪಾಯ್ತಲ್ಲ."

ಹುಡುಗಿ ಫೋನು ಕೆಳಗಿಟ್ಟಳು. ನನಗೆ ಮುಖವೆತ್ತಲು ನಾಚಿಕೆಯಾಯಿತು. ಅಂದು ನಾನು ಮಾಡಿದ್ದು ಅನುವಾದವಲ್ಲ, ಬರೀ ಸಿಟ್ಟು. ಅದು ನನಗೆ ಇಂದು ತಿಳಿಯಿತು, ಮಾವನಿಗೆ ಅಂದೇ ತಿಳಿದಿತ್ತು.

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ ನೀವು" ಎಂದೆ.

"ಪತ್ರ ಕೊಟ್ಟೆನಲ್ಲ" ಎಂದರು ಮಾವ. "ಇನ್ನೆಂತ ಹೇಳುವುದು?"