ನೀಲಿ ಕಡೆಯ ಸದ್ದು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನ ಕಾಲೇಜೊಂದರಲ್ಲಿ ಮಾತು ಮತ್ತು ಶ್ರವಣಕ್ಕೆ ಸಂಬಂಧಿಸಿದ ಪದವಿಯ ಅಂತಿಮ ವರ್ಷದಲ್ಲಿದ್ದೆ. ಪ್ರತಿಯೊಬ್ಬರೂ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡ ವಿಷಯ ಆಟೋ ಚಾಲಕರ ಕಿವಿ. ಆಗಿನ ಆಟೋಗಳ ಆರ್ಭಟ ಬಲ್ಲವರಿಗೆ ಕಾರಣ ವಿವರಿಸಬೇಕಿಲ್ಲ. ಸರಸ್ವತಿಪುರಂನ ಆಟೋ ಸ್ಟ್ಯಾಂಡಿಗೆ ಹೋಗಿ ಒಬ್ಬೊಬ್ಬರನ್ನೇ ಒಪ್ಪಿಸಿ ಕರೆತಂದು ಪರೀಕ್ಷಿಸುತ್ತಿದ್ದೆ. ಅವರೊಂದಿಗೆ ಹೋಲಿಸಿ ನೋಡಲು, ಆ ಸದ್ದಿನಲ್ಲಿ ದುಡಿಯದ, ಕಿವಿ ಚೆನ್ನಾಗಿರುವವರ ಗುಂಪೊಂದು ಬೇಕಾಗಿತ್ತು. ಆ ಗುಂಪಿನಲ್ಲಿ ಮೊದಲು ಸೇರಿಸಿದ್ದು ನನ್ನನ್ನೇ. ಮೊದಲ ವರ್ಷದಲ್ಲಿ ನಾವು ಪರಸ್ಪರರ ಕಿವಿ ಪರೀಕ್ಷಿಸಿ ಕಲಿಯುವಾಗ, ನಿರ್ದೋಷವಾದ ಕಿವಿ ಹೇಗಿರುತ್ತದೆ ಎಂಬುದಕ್ಕೆ ಮಾದರಿಯಾಗಿ ತೋರಿಸಿದ್ದು ನನ್ನದನ್ನು. ಶಾಲೆಯಲ್ಲಿ ಶಕಾರ ಸಕಾರಗಳನ್ನು ಅದಲುಬದಲು ಮಾಡಿದವರನ್ನು ಹಿಂದಿನ ಬೆಂಚಿನಿಂದಲೇ ತಿದ್ದುತ್ತಿದ್ದವಳು ನಾನು. ನನ್ನ ಕಿವಿಯ ಬಗ್ಗೆ ನನಗೆ ಸಂಶಯವೇ ಇರಲಿಲ್ಲ.

ಪ್ರತಿದಿನ ಮೊದಲ ಚಾಲಕ ಬರುವ ಮುನ್ನ, ಪರೀಕ್ಷಿಸುವವರು ಹೆಡ್‌ಫೋನನ್ನು ತಾವೇ ಧರಿಸಿ ಯಂತ್ರದ ಸ್ವರಗಳನ್ನೆಲ್ಲ ಆಲಿಸಬೇಕೆಂಬುದು ನಮ್ಮಲ್ಲಿನ ನಿಯಮ. ಯಂತ್ರ ಸರಿಯಿದೆ ಎನ್ನುವುದಕ್ಕೆ ನಮ್ಮ ಕಿವಿಯೇ ಸಾಕ್ಷಿ. ದೀಪಾವಳಿಯ ರಜೆ ಮುಗಿಸಿ ಬಂದ ದಿನ ಹಾಗೆ ಆಲಿಸಿದಾಗ, ಎಡಗಿವಿಯ ನೀಲಿ ಕಡೆಯಲ್ಲಿ ಎತ್ತರದ ಸ್ವರಗಳು ಕೇಳಿಸಲಿಲ್ಲ. ಬಲಗಿವಿಯ ಕೆಂಪು ಕಡೆ ಸರಿಯಾಗಿತ್ತು. ನೀಲಿ ಕಡೆ ಕೆಟ್ಟಿದೆ ಎಂದು ಬರೆದುಕೊಟ್ಟು, ಹೊರಗೆ ಕಾದಿದ್ದ ಚಾಲಕರನ್ನು ಹಿಂದಕ್ಕೆ ಕಳುಹಿಸಿದೆ. ರಿಪೇರಿಯವರು ಎರಡೂ ಕಡೆ ಸಮನಾಗಿದೆ ಎಂದು ಯಂತ್ರವನ್ನು ಮರಳಿಸಿದರು. ಮತ್ತೆ ಆಲಿಸಿದೆ. ನೀಲಿ ಕಡೆ ಹಾಗೆಯೇ ಇತ್ತು.

ಎರಡನೆಯ ಬಾರಿಗೆ ವಾಪಸಾಗಬೇಕಾದ ಚಾಲಕರೊಬ್ಬರು ಬಾಗಿಲಲ್ಲಿ ನಿಂತು ನಕ್ಕರು. "ಇವತ್ತೂ ಇಲ್ವಾ ಮೇಡಮ್ಮೋರೆ? ನಿಮ್ ಮಿಷಿನ್‌ಗಿಂತ ನನ್ ಗಾಡೀನೇ ವಾಸಿ ಬುಡಿ. ಒದ್ರೆ ಸ್ಟಾರ್ಟ್ ಆದ್ರೂ ಆಯ್ತದೆ."

ರಿಪೇರಿಯವರು ಸರಿಯಾಗಿ ನೋಡಿಲ್ಲವೆಂದು ತೋರಿಸಿಕೊಡಲು ನನಗೆ ಸರಳವಾದ ಉಪಾಯ ತಿಳಿದಿತ್ತು. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳುವುದು. ನೀಲಿ ಕಡೆ ಬಲಗಿವಿಗೆ, ಕೆಂಪು ಕಡೆ ಎಡಗಿವಿಗೆ. ದೋಷ ಹೆಡ್‌ಫೋನಿನದಾದರೆ ಅದು ನೀಲಿ ಕಡೆಯೊಂದಿಗೆ ಬಲಕ್ಕೆ ಬರಬೇಕು.

ನೀಲಿ ಕಡೆ ಬಲಗಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಎತ್ತರದ ಸ್ವರಗಳಿಗೆ ಕೆಂಪು ಕಡೆ ಎಡಗಿವಿಯಲ್ಲಿ ಮೌನವಾಗಿತ್ತು.

ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಮೊದಲಿನಂತೆ ಹಾಕಿಕೊಂಡೆ. ಹೆಡ್‌ಫೋನು ಎಷ್ಟು ಸಲ ತಿರುಗಿದರೂ ದೋಷ ತನ್ನ ಜಾಗ ಬಿಡಲಿಲ್ಲ.

ಪಕ್ಕದ ಮೇಜಿನಲ್ಲಿ ನನ್ನ ಗೆಳತಿ ತನ್ನ ಪ್ರಬಂಧದ ಕೆಲಸದಲ್ಲಿದ್ದಳು. ನಂಜನಗೂಡಿನ ಕಡೆಯ ಹಳ್ಳಿಯವಳು, ರಾಜೀವನಗರದಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಳು. ವಿಷಯ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಅದಕ್ಕೇನೇ ಇರ್ಬೇಕು ಕಣೆ. ಈ ನಡುವೆ ನೀನು ಯಾವಾಗ್ಲೂ ನನ್ನ ಎಡಗಡೆಗೇ ಬಂದು ನಡೀತೀಯ. ಬಲಗಡೆ ಇದ್ರೆ ಸುತ್ತಾಕ್ಕೊಂಡು ಬರ್ತೀಯ. ಇದೆಂತಾ ಹೊಸ ಶಾಸ್ತ್ರ ಅನ್ಕೊಂಡಿದ್ದೆ."

ಅವಳು ನನ್ನ ಬಲಕ್ಕಿರಲೆಂದು ನಾನು ಹಾಗೆ ಮಾಡುತ್ತಿದ್ದೆನಂತೆ. ನನಗೇ ಅದು ತಿಳಿದಿರಲಿಲ್ಲ.

ಪರೀಕ್ಷಿಸುವವರ ಕಿವಿಯೇ ಸರಿಯಿಲ್ಲವೆಂದಾದರೆ ಪ್ರಬಂಧ ನನ್ನ ಕೈತಪ್ಪುತ್ತದೆ, ಪದವಿ ಅಲ್ಲಿಗೇ ನಿಲ್ಲುತ್ತದೆ, ಮುಂದೆ ಈ ವೃತ್ತಿಯೂ ಇಲ್ಲ ಎಂದೇ ನಾನು ತಿಳಿದೆ. ನಮಗೆ ಮಾರ್ಗದರ್ಶಕರಾಗಿದ್ದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು.

"ಯಾವಾಗಿಂದ?"

"ಗೊತ್ತಿಲ್ಲ ಮೇಡಂ. ರಜೇಲಿ ಒಂದು ವಾರ ಜ್ವರ ಇತ್ತು."

"ಗೊತ್ತಿಲ್ಲ ಅಂದ್ರೇನಮ್ಮ, ದಿನಾ ಊರವ್ರ ಕಿವಿ ನೋಡೋಳು." ಪರೀಕ್ಷೆಯ ಕೋಣೆಯತ್ತ ಕೈ ತೋರಿಸಿದರು, "ಹೋಗು, ಒಳಗೆ ಕೂತ್ಕೊ. ನಿನ್ ಗೆಳತಿ ಟೆಸ್ಟ್ ಮಾಡ್ಲಿ."

ಸದ್ದು ಹೊಗದ ಆ ಚಿಕ್ಕ ಕೋಣೆಯಲ್ಲಿ, ಚಾಲಕರು ಕುಳಿತುಕೊಳ್ಳುತ್ತಿದ್ದ ಕುರ್ಚಿಯಲ್ಲಿ ಕುಳಿತೆ. ಯಂತ್ರದ ಗುಂಡಿಗಳು ಕಾಣದಂತೆ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಬೇಕೆಂಬುದು ನಿಯಮ. ಅಭ್ಯಾಸಬಲದಿಂದ ನಾನೇ ತಿರುಗಿಸಿಕೊಂಡೆ. ಗೆಳತಿ, ನಾನು ಚಾಲಕರಿಗೆ ಹೇಳುತ್ತಿದ್ದ ಮಾತುಗಳನ್ನೇ ನನಗೆ ಹೇಳಿದಳು: ಸದ್ದು ಎಷ್ಟೇ ಸಣ್ಣದಾಗಿ ಕೇಳಿದ್ರೂ ಬೆರಳೆತ್ತಿ. ಅವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೊಂದೇ ಸಲ.

ಬಲಗಿವಿ ಬೇಗ ಮುಗಿಯಿತು. ಎಡಗಿವಿ ಆರಂಭವಾಯಿತು. ಕೆಳಗಿನ ಸ್ವರಗಳು ಕೇಳಿಸಿದವು, ಬೆರಳೆತ್ತಿದೆ. ಆಮೇಲೆ ಏನೂ ಇಲ್ಲ. ಸಾಮಾನ್ಯರು ಇದನ್ನು ಮೌನವೆಂದು ಭಾವಿಸಿ ಸುಮ್ಮನೆ ಕಾಯುತ್ತಾರೆ. ನನಗೆ ಆ ಅನುಕೂಲವಿರಲಿಲ್ಲ. ಪರೀಕ್ಷೆಯ ಕ್ರಮ ನನಗೆ ಕಂಠಪಾಠವಾಗಿತ್ತು. ಈಗ ಸ್ವರ ಬರುತ್ತಿದೆ, ಈಗ ನಿಂತಿದೆ, ಈಗ ಅವಳು ಸದ್ದನ್ನು ಒಂದು ಹಂತ ಏರಿಸಿದ್ದಾಳೆ, ಇನ್ನೂ ಒಂದು ಹಂತ. ಯಾವ ಗಳಿಗೆಯಲ್ಲಿ ಬೆರಳೆತ್ತಿದರೆ ಯಾರಿಗೂ ಅನುಮಾನ ಬಾರದು ಎಂಬುದೂ ನನಗೆ ಗೊತ್ತಿತ್ತು. ಎತ್ತಿದ್ದರೆ ಪ್ರಬಂಧ ಉಳಿಯುತ್ತಿತ್ತು. ಬೆರಳು ಮೊಣಕಾಲಿನ ಮೇಲೆಯೇ ಇತ್ತು. ಅದನ್ನು ಅಲ್ಲಿಯೇ ಒತ್ತಿ ಹಿಡಿದಿದ್ದೆ. ಬಹಳ ಹೊತ್ತಿನ ಮೇಲೆ, ದೂರದಲ್ಲೆಲ್ಲೋ ಸೊಳ್ಳೆಯೊಂದು ಸುಳಿದಂತೆ ಏನೋ ಕೇಳಿಸಿತು. ಅದು ಆ ಹೊತ್ತಿಗೆ ಎಂಥ ಗಟ್ಟಿ ಸದ್ದಾಗಿರಬೇಕೆಂದು ಅರಿತೇ ಬೆರಳೆತ್ತಿದೆ.

ಹೊರಬಂದಾಗ ಗೆಳತಿ ನನ್ನ ಮುಖ ನೋಡಲಿಲ್ಲ. ಅದೇ ಮಧ್ಯಾಹ್ನ ಕಿವಿಯ ವೈದ್ಯರು ಪರೀಕ್ಷಿಸಿದರು. ಜ್ವರದ ಜೊತೆ ಬಂದದ್ದಿರಬಹುದು, ಮೊದಲೇ ಬಂದಿದ್ದರೆ ಪ್ರಯತ್ನಿಸಬಹುದಿತ್ತು, ಮಾತ್ರೆ ಕೊಡುತ್ತೇನೆ, ಭರವಸೆ ಇಟ್ಟುಕೊಳ್ಳಬೇಡಿ ಎಂದರು. ಕಿವಿಗಳ ಬಗ್ಗೆ ಅಷ್ಟೊಂದು ಓದಿದವಳು, ನನ್ನ ಕಿವಿಯೊಂದು ಹೊರಟುಹೋದದ್ದನ್ನು ಇತರರಂತೆಯೇ ತಡವಾಗಿ ತಿಳಿದುಕೊಂಡೆನಲ್ಲ ಎಂಬ ಬೆರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮರುದಿನ, ಪ್ರಬಂಧವನ್ನು ಬೇರೆಯವರಿಗೆ ಕೊಡಿ ಎಂದು ಹೇಳಲು ಮೇಡಂ ಬಳಿಗೆ ಹೋದೆ. ಅವರು ತಲೆಯೆತ್ತದೆ ಕೇಳಿದರು, "ಬರಿಯೋದು ಕಿವೀಲಾ?"

"ಆದ್ರೆ ಮಿಷಿನ್ ಆಲಿಸ್ಬೇಕಲ್ಲ ಮೇಡಂ."

"ಅದಕ್ಕೆ ನಿನ್ ಗೆಳತಿ ಕಿವಿ ಇಸ್ಕೊ. ಪ್ರಬಂಧ ನಿಂದೇ. ಆದ್ರೆ ಹೋಲಿಕೆ ಗುಂಪಲ್ಲಿ ನೀನಿರಂಗಿಲ್ಲ. ತೆಗ್ದು, ತೆಗ್ದಿದೀನಿ ಅಂತ ಬರಿ."

ಅಂದಿನಿಂದ ಪ್ರತಿ ಬೆಳಿಗ್ಗೆ ಗೆಳತಿ ಹೆಡ್‌ಫೋನು ಹಾಕಿಕೊಂಡು ಆಲಿಸಿ ತಲೆಯಾಡಿಸುತ್ತಿದ್ದಳು. ಬಳಿಕ ನಾನು ಪರೀಕ್ಷೆ ನಡೆಸುತ್ತಿದ್ದೆ. ಎರಡು ಸಲ ವಾಪಸಾಗಿದ್ದ ಆ ಚಾಲಕರೂ ಬಂದರು. ವರ್ಷಗಟ್ಟಲೆ ಆ ಎಂಜಿನ್ನಿನ ಮುಂದೆ ಕುಳಿತಿದ್ದವರ ಎಡಗಿವಿ ನನ್ನದಕ್ಕಿಂತ ಚೆನ್ನಾಗಿತ್ತು.

"ಎಂಗೈತೆ ಮೇಡಮ್ಮೋರೆ?"

"ಚೆನ್ನಾಗಿದೆ. ಹುಷಾರಾಗಿ ನೋಡ್ಕೊಳ್ಳಿ," ಎಂದೆ. ನನ್ನ ದನಿ ಕೇಳಿ ಅವರು ನಗಲಿಲ್ಲ.

ಪ್ರಬಂಧ ಟೈಪಾಗಿ ಬಂದ ದಿನ ಗೆಳತಿ ಅದನ್ನು ಪರಿಶೀಲಿಸುತ್ತಾ ಒಂದು ಪುಟದಲ್ಲಿ ಬೆರಳಿಟ್ಟು ನಿಂತಳು. ಹೋಲಿಕೆಯ ಗುಂಪಿನ ಒಬ್ಬ ವ್ಯಕ್ತಿಯನ್ನು ಎಡಗಿವಿಯ ಶ್ರವಣದೋಷದ ಕಾರಣ ಕೈಬಿಡಲಾಗಿದೆ ಎಂಬ ಅರ್ಥದ ವಾಕ್ಯ ಅಲ್ಲಿತ್ತು.

"ಯಾರು ಅಂತ ಪರೀಕ್ಷಕ್ರು ಕೇಳಿದ್ರೆ ಏನ್ ಹೇಳ್ತೀಯೆ?"

"ಬಲಗಡೆ ಕೂತ್ಕೊಂಡು ಕೇಳಿ ಅಂತೀನಿ," ಎಂದೆ.

ಅವಳು ಪುಟಗಳನ್ನು ಜೋಡಿಸಿಕೊಂಡು ಎದ್ದಳು, ಮೇಜನ್ನು ಬಳಸಿ ಬಂದು ನನ್ನ ಬಲಕ್ಕೆ ನಿಂತಳು. ಬೈಂಡಿಂಗಿಗೆ ಕೊಡಲು ಇಬ್ಬರೂ ಹೊರಟೆವು.