ಬೆಂಚಿನ ಮೇಲೆ ಹತ್ತು ನಿಮಿಷ

ಬಸುರಿ ಹೆಂಗಸು ಸಿಗರೇಟು ಸೇದುವುದನ್ನು ಕಂಡರೆ ನಮಗೆಲ್ಲ ಮೈ ಉರಿಯುತ್ತದೆ. ಉರಿಯಲಿ, ತಪ್ಪೇನಿಲ್ಲ. ಆದರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂದು ತೀರ್ಮಾನಿಸುವ ಮೊದಲು ಈ ಒಬ್ಬಳ ಬದುಕನ್ನು ಸ್ವಲ್ಪ ಕೇಳಿ.

ಅವಳನ್ನು ಎಲ್ಲರೂ ಚಾದರದಕ್ಕ ಎಂದೇ ಕರೆಯುತ್ತಾರೆ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳಿಗೆ ಕೆಲಸ. ಇಸ್ತ್ರಿ ಯಂತ್ರದ ತುದಿಯಲ್ಲಿ ನಿಂತು, ಸುಡುಸುಡು ಹೊರಬರುವ ಚಾದರದ ಎರಡು ಮೂಲೆ ಹಿಡಿದು, ಇನ್ನೆರಡು ಮೂಲೆ ಹಿಡಿದ ಎದುರಿನವಳತ್ತ ನಡೆದು, ಮಡಚಿ, ಹಿಂದಕ್ಕೆ ಬಂದು ಮುಂದಿನದನ್ನು ಹಿಡಿಯಬೇಕು. ಪಾಳಿ ಒಂಬತ್ತು ಗಂಟೆಯದು. ಊಟದ ಅರ್ಧ ಗಂಟೆ ಬಿಟ್ಟರೆ ಯಂತ್ರ ನಿಲ್ಲುವುದಿಲ್ಲ. ಒಳಗೆ ಒಂದೇ ಒಂದು ಕುರ್ಚಿಯಿಲ್ಲ. ಕುರ್ಚಿ ಇಟ್ಟರೆ ಜನ ಕೂರುತ್ತಾರೆ ಎಂಬುದು ಮಾಲೀಕರ ಸಂಶೋಧನೆ.

ಕೂರಲು ಇರುವುದು ಬಾಯ್ಲರ್ ಕೋಣೆಯ ಹಿಂದೆ, ತಗಡಿನ ಸೂರಿನಡಿ ಇರುವ ಒಂದು ಬೆಂಚು ಮಾತ್ರ. ಹಿಂದೊಮ್ಮೆ ಯಾರೋ ಕಕ್ಕಸಿನಲ್ಲಿ ಕದ್ದು ಸೇದಿ ಎಸೆದ ತುಂಡು ಬಟ್ಟೆಯ ರಾಶಿಗೆ ತಗುಲಿ ಬೆಂಕಿ ಹತ್ತಿತ್ತು. ಅಂದಿನಿಂದ ಒಂದು ನಿಯಮ ಬಂತು. ಸೇದುವವರು ಒಳಗೆ ಸೇದಕೂಡದು. ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ ಬೆಂಚಿಗೆ ಹೋಗಿ ಸೇದಿ ಬರಬಹುದು. ಸೇದದವರಿಂದ ಬೆಂಕಿಯ ಭಯವಿಲ್ಲವಲ್ಲ, ಹಾಗಾಗಿ ಅವರಿಗೆ ಬಿಡುವೂ ಇಲ್ಲ.

ಈ ನಿಯಮವನ್ನು ಇನ್ನೊಮ್ಮೆ ಓದಿಕೊಳ್ಳಿ. ಯಾವ ರಾಕ್ಷಸನೂ ಬರೆದದ್ದಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುವ ಸಭ್ಯರು ಮೇಜಿನ ಸುತ್ತ ಕೂತು ಬರೆದದ್ದು. ಕೂತು, ಎಂಬುದನ್ನು ಗಮನಿಸಿ.

ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತು ವರ್ಷ. ಸಿಗರೇಟಿನ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಎರಡನೆಯ ತಿಂಗಳಲ್ಲಿ ಒಂದು ದಿನ, ಮಡಚುವವರಲ್ಲಿ ಎಲ್ಲರಿಗಿಂತ ಹಿರಿಯಳಾದ, ಎಲ್ಲರೂ ದೊಡ್ಡಮ್ಮ ಎನ್ನುವ ಹೆಂಗಸು ಅವಳನ್ನು ಕೇಳಿದಳು.

"ಏನೇ, ಕೊಕ್ಕರೆ ಥರ ಒಂಟಿ ಕಾಲಲ್ಲಿ ನಿಂತಿದ್ದೀಯ?"

"ಕಾಲು ಸೋತು ಹೋಗ್ತಿದೆ ದೊಡ್ಡಮ್ಮ."

"ಬೆಂಚಿಗೆ ಬಾ ಮತ್ತೆ."

"ನಾನು ಸೇದಲ್ವಲ್ಲ."

"ನಾವೇನು ಹುಟ್ತಾ ಬಾಯಲ್ಲಿ ಇಟ್ಕೊಂಡು ಬಂದ್ವಾ? ಅದು ಟಿಕೆಟ್ಟು ಕಣೇ. ಬಸ್ಸಲ್ಲಿ ಕೂರೋಕೆ ಟಿಕೆಟ್ ತಗೊಳ್ಳಲ್ವಾ? ಹಂಗೇ."

ಹೀಗೆ ಚಾದರದಕ್ಕ ಸೇದುವುದನ್ನು ಕಲಿತಳು. ಮೊದಲ ದಿನ ಕೆಮ್ಮಿ ಕೆಮ್ಮಿ ಕಣ್ಣೀರು ಬಂತು. ಆದರೂ ಹತ್ತು ನಿಮಿಷ ಕೂತಿದ್ದಳು.

ಆರು ವರ್ಷದ ಮೇಲೆ ಬಸುರಾದಳು. ಕ್ಲಿನಿಕ್ಕಿನಲ್ಲಿ ಮಗುವಿನ ಎದೆಬಡಿತ ಕೇಳಿಸಿದರು. ಅದೇ ದಿನ, ಯಾರೂ ಹೇಳದೆ, ಕೈಚೀಲದಲ್ಲಿದ್ದ ಪ್ಯಾಕನ್ನು ಕ್ಲಿನಿಕ್ಕಿನ ಕಸದ ಬುಟ್ಟಿಗೆ ಹಾಕಿ ಬಂದಳು. ಈ ಮಗುವಿಗೆ ಹೊಗೆ ತಾಗಿಸಬಾರದು ಎಂದು ಅವಳು ತನಗೆ ತಾನೇ ಹಾಕಿಕೊಂಡ ಆಣೆ ಅದು. ಮರುದಿನ ಬಿಡುವಿನ ಹೊತ್ತಿಗೆ ಸೂಪರ್‌ವೈಸರ್ ಬಾಗಿಲಲ್ಲಿ ತಡೆದ. ಸದಾ ಕೈಗಡಿಯಾರ ನೋಡುವವನಾದ್ದರಿಂದ ಹೆಂಗಸರೆಲ್ಲ ಬೆನ್ನ ಹಿಂದೆ ಅವನನ್ನು ಮುಳ್ಳಪ್ಪ ಅನ್ನುತ್ತಿದ್ದರು.

"ಎಲ್ಲಿಗಮ್ಮಾ?"

"ಸ್ವಲ್ಪ ಕೂತು ಬರ್ತೀನಿ ಸಾರ್. ಸಿಗರೇಟು ಬಿಟ್ಟಿದ್ದೀನಿ. ಬಸುರಿ."

"ಅಯ್ಯೋ, ಒಳ್ಳೇದಾಯ್ತು ಬಿಡು!" ಎಂದು ಅವನು ನಿಜಕ್ಕೂ ಸಂತೋಷಪಟ್ಟ. "ಹಾಗಾದ್ರೆ ಬಿಡುವು ಯಾಕೆ?"

ಅವಳು ಯಂತ್ರದ ಬಳಿಗೆ ಮರಳಿದಳು. ಏಳು ವಾರ ಹಾಗೆಯೇ ನಿಂತಳು. ಐದನೆಯ ತಿಂಗಳಿಗೆ ಪಾದ ಊದಿ ಚಪ್ಪಲಿಯೊಳಗೆ ಹೋಗದಾಯಿತು. ದೊಡ್ಡಮ್ಮ ಕರೆದು, "ಹಚ್ಕೊಂಡು ಕೈಯಲ್ಲಿ ಹಿಡ್ಕೊ, ಎಳೀಬೇಡ. ಮುಳ್ಳಪ್ಪಂಗೆ ಹೊಗೆ ಕಂಡ್ರೆ ಸಾಕು" ಎಂದಳು. ಮೂರು ದಿನ ಸಿಗರೇಟು ಅವಳ ಬೆರಳ ನಡುವೆ ಸುಮ್ಮನೆ ಉರಿದು ಬೂದಿಯಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ಗಂಡ ಸಾಮಾನಿನ ವ್ಯಾನು ಓಡಿಸುವವನು, ಎದ್ದ ಕೂಡಲೇ ಹಾಸಿಗೆಯಲ್ಲೇ ಹಚ್ಚುವವನು. ಹೊರಗೆ ಹೋಗಿ ಸೇದು ಎಂದದ್ದಕ್ಕೆ, "ನಿನ್ನೆ ಮೊನ್ನೆವರೆಗೂ ನನ್ನ ಪ್ಯಾಕಿಂದ ಕದೀತಿದ್ದೋಳು, ಇವತ್ತು ನಂಗೆ ಬುದ್ಧಿ ಹೇಳ್ತೀಯ?" ಎಂದಿದ್ದ. ಅಂದು ಬೆಂಚಿನ ಮೇಲೆ ಅವಳು ಒಂದು ದಮ್ಮು ಎಳೆದಳು. ಒಂದೇ ಒಂದು. ಮರುದಿನ ಎರಡು.

ಕ್ಲಿನಿಕ್ಕಿನಲ್ಲಿ ಪ್ರತಿ ಸಲ ನರ್ಸ್ ಫಾರಂ ತುಂಬುತ್ತಾಳೆ. ಪಡಸಾಲೆಯಲ್ಲಿ, ಹತ್ತು ಜನರೆದುರು, ಪಕ್ಕದಲ್ಲಿ ಅತ್ತೆ ಕೂತಿರುವಾಗ, ಗಟ್ಟಿ ದನಿಯಲ್ಲಿ "ಸೇದ್ತೀರಾ?" ಎಂದು ಕೇಳುತ್ತಾಳೆ. ಹೌದೆನ್ನಲು ಯಾರಿಗೆ ಎದೆಗಾರಿಕೆ ಇದೆ? ಇಲ್ಲ ಎಂದಳು. ಫಾರಮ್ಮಿಗೆ ಅಷ್ಟು ಸಾಕಾಗಿತ್ತು.

ಮಗು ಹುಟ್ಟಿದಾಗ ಎರಡು ಕಿಲೋ ಕೂಡ ತೂಗಲಿಲ್ಲ. ಹೆಣ್ಣು ಮಗು. ಅತ್ತೆ ಅದನ್ನು ಎತ್ತಿಕೊಂಡು, "ನಾನೂ ಮೂರು ಹೆತ್ತಿದ್ದೀನಮ್ಮ, ಒಂದೂ ಹಿಂಗೆ ಇಲಿಮರಿ ಥರ ಇರ್ಲಿಲ್ಲ" ಎಂದಳು. ಮಗ ಆ ಒಂಬತ್ತು ತಿಂಗಳೂ ಸೊಸೆಯ ತಲೆಯ ಮೇಲೆ ಬಿಟ್ಟ ಹೊಗೆ ಆಕೆಯ ಲೆಕ್ಕಕ್ಕೆ ಬರಲಿಲ್ಲ.

ಹೆರಿಗೆ ರಜೆಯ ಮೂರು ತಿಂಗಳು ಚಾದರದಕ್ಕ ಸಿಗರೇಟು ಮುಟ್ಟಲಿಲ್ಲ. ಅವಳಿಗೆ ಮನಸ್ಸಿನ ಗಟ್ಟಿತನವಿಲ್ಲ ಎನ್ನುವವರ ಮುಖಕ್ಕೆ ಈ ಮಾತನ್ನು ಹಿಡಿಯಬೇಕು. ಆ ದಿನಗಳು ಸುಖದವೇನೂ ಅಲ್ಲ. ಮಗು ಒಂದು ಗಂಟೆಗಿಂತ ಹೆಚ್ಚು ಮಲಗುತ್ತಿರಲಿಲ್ಲ. ಅವಳು ಎಷ್ಟೋ ಹೊತ್ತು ಗೋಡೆ ನೋಡುತ್ತ ಕೂತಿರುತ್ತಿದ್ದಳು. ತಟ್ಟೆ ತೊಳೆಯುತ್ತ ತೊಳೆಯುತ್ತ ಬಿಕ್ಕುತ್ತಿದ್ದಳು. ಏನಾಯ್ತು ಎಂದು ಕೇಳಿದವರಿಲ್ಲ. "ಹೆತ್ತೋಳು ಇವಳೊಬ್ಬಳೇನಾ" ಎಂದವರಿದ್ದರು. ಆದರೂ ಮುಟ್ಟಲಿಲ್ಲ. ಅವಳ ಹಟ ನೋಡಿ ಗಂಡನೂ ಕೆಲವು ವಾರ ಮೆಟ್ಟಿಲ ಮೇಲೆ ಹೋಗಿ ಸೇದಿ ಬಂದ.

ರಜೆ ಮುಗಿದು ಯಂತ್ರದ ಮುಂದೆ ನಿಂತ ಮೊದಲ ದಿನ, ಹತ್ತೂವರೆಗೆಲ್ಲ ಎದೆ ಕಲ್ಲಿನಂತಾಗಿ ರವಿಕೆ ಒದ್ದೆಯಾಯಿತು. ಮುಳ್ಳಪ್ಪನ ಬಳಿ ಹೋದಳು.

"ಹತ್ತು ನಿಮಿಷ ಬೇಕು ಸಾರ್. ಹಾಲು ಹಿಂಡ್ಕೋಬೇಕು."

ಅವನು ನಾಚಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿದ. "ಅದಕ್ಕೆಲ್ಲ ನಿಯಮ ಇಲ್ಲಮ್ಮ. ಇರೋದು ಸೇದೋರಿಗೆ. ನಿಂಗೊಬ್ಬಳಿಗೆ ಬಿಟ್ರೆ ನಾಳೆ ಇಪ್ಪತ್ತು ಜನ ಬರ್ತಾರೆ."

ಮಧ್ಯಾಹ್ನದ ಬಿಡುವಿಗೆ ಅವಳು ದೊಡ್ಡಮ್ಮನ ಪ್ಯಾಕಿನಿಂದ ಒಂದು ಎತ್ತಿಕೊಂಡು ಬೆಂಚಿಗೆ ಹೋದಳು. ದೊಡ್ಡಮ್ಮ ಹರಿದ ಚಾದರವೊಂದನ್ನು ಅಡ್ಡ ಹಿಡಿದಳು. ಅದರ ಹಿಂದೆ ಅವಳು ಬಲಗೈಯಲ್ಲಿ ಹಾಲು ಹಿಂಡಿದಳು, ಎಡಗೈಯಲ್ಲಿ ಸಿಗರೇಟು ಹಿಡಿದಳು. ಹೊಗೆ ಚಾದರದ ಮೇಲಿಂದ ಮುಳ್ಳಪ್ಪನಿಗೆ ಕಾಣುತ್ತಲೇ ಇರಬೇಕಿತ್ತು.

"ಮಾಲೀಕರು ನೋಡ್ಬೇಕಿತ್ತು ಕಣೇ," ಎಂದಳು ದೊಡ್ಡಮ್ಮ. "ಎರಡು ಕೈಗೂ ಕೆಲಸ ಇದೆ ಅಂತ ಬಹುಮಾನ ಕೊಡ್ತಿದ್ರು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೈಯಲ್ಲಿದ್ದದ್ದು ತುಟಿಗೆ ಹೋಯಿತು.

ಅಂದಿನಿಂದ ಬೆಳಗಿನ ಹಾಲು ಬಿಸಿಲಿಗೆ ಕೆಡುವುದೆಂದು ಚರಂಡಿಗೆ, ಮಧ್ಯಾಹ್ನದ್ದು ಬಾಟಲಿಯಲ್ಲಿ ಮನೆಗೆ. ಒಂದೇ ತಿಂಗಳಿಗೆ ದಿನಕ್ಕೆ ಎರಡು ಸಿಗರೇಟು ಇದ್ದದ್ದು ಐದಾಯಿತು. ಮಗುವಿಗೆ ಗೊರಗೊರ ಉಸಿರು ಶುರುವಾಯಿತು.

ಕ್ಲಿನಿಕ್ಕಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಗುವಿನ ಎದೆ ಪರೀಕ್ಷಿಸಿ, ತಾಯಿಯ ಬಟ್ಟೆಯ ವಾಸನೆ ಹಿಡಿದು ತಲೆ ಎತ್ತಿದಳು. ಬೈಯುವ ಮೊದಲೇ ಚಾದರದಕ್ಕ ಜೀವಮಾನದಲ್ಲಿ ಮೊದಲ ಬಾರಿ ಎಲ್ಲವನ್ನೂ ಹೇಳಿದಳು. ಬೆಂಚು, ಹತ್ತು ನಿಮಿಷ, ಹಾಲು.

"ಸೇದದೇನೇ ಹತ್ತು ನಿಮಿಷ ಕೂರೋಕೆ ಬಿಡಿ ಅಂತ ಒಂದು ಚೀಟಿ ಬರೆದುಕೊಡಿ ಡಾಕ್ಟ್ರೇ. ಅಷ್ಟು ಸಿಕ್ರೆ ನಾನು ಬಿಡ್ತೀನಿ. ಬಿಟ್ಟಿದ್ದೆ ನಾನು."

ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಡಾಕ್ಟರು ಅರ್ಧ ಕೇಳಿಸಿಕೊಂಡಳು, ಅರ್ಧ ಊಹಿಸಿದಳು. ಬರೆದು, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟಳು. ಮರುದಿನ ಬೆಳಿಗ್ಗೆ ಚಾದರದಕ್ಕ ಉಳಿದಿದ್ದ ಮೂರು ಸಿಗರೇಟನ್ನು ದೊಡ್ಡಮ್ಮನ ಕೈಗೆ ಕೊಟ್ಟು, "ಇನ್ಮೇಲೆ ಟಿಕೆಟ್ ಬೇಡ ದೊಡ್ಡಮ್ಮ, ಪಾಸ್ ಸಿಕ್ತು" ಎಂದು ಲಕೋಟೆ ಒಪ್ಪಿಸಲು ಹೋದಳು.

ಮುಳ್ಳಪ್ಪ ಒಡೆದು ಗಟ್ಟಿಯಾಗಿ ಓದಿದ: "ಈ ಮಹಿಳೆ ಮಗುವಿಗೆ ಹಾಲುಣಿಸುತ್ತಿದ್ದು, ಮಗುವಿಗೆ ಉಸಿರಾಟದ ತೊಂದರೆ ಇರುತ್ತದೆ. ಆದ್ದರಿಂದ ಕೆಲಸದ ಸ್ಥಳದಲ್ಲಿ ಇವರಿಗೆ ಧೂಮಪಾನಕ್ಕೆ ಅವಕಾಶ ನೀಡಬಾರದೆಂದು ಕೋರಿದೆ."

ಅವಳು ಇನ್ನೂ ಏನೋ ಇದೆಯೆಂದು ಕಾಯುತ್ತಿದ್ದಳು. ಕಾಗದದಲ್ಲಿ ಇನ್ನೇನೂ ಇರಲಿಲ್ಲ.

"ಡಾಕ್ಟ್ರು ಹೇಳಿದ ಮೇಲೆ ಮುಗೀತು," ಎಂದ ಮುಳ್ಳಪ್ಪ. "ನಿನ್ನ ಒಳ್ಳೇದಕ್ಕೇ ಅಲ್ವಾ? ಇನ್ಮೇಲೆ ಬೆಂಚಿನ ಕಡೆ ಸುಳೀಬೇಡ."

"ನಾನು ಕೇಳಿದ್ದು ಕೂರೋಕೆ ಸಾರ್..."

"ಬರೆದಿರೋದು ಏನು? ನೀನೇ ಓದು."

ದೊಡ್ಡಮ್ಮ ವಾದ ಮಾಡಲು ಹೋಗಿ ಬೈಸಿಕೊಂಡು ಬಂದಳು. ಹಾಜರಿ ಪುಸ್ತಕದ ಪಕ್ಕ, ಎಲ್ಲರಿಗೂ ಕಾಣುವಂತೆ, ಆ ಕಾಗದವನ್ನು ಅಂಟಿಸಿದರು.

ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂತು. ಮೂರು ವಾರಕ್ಕೆ ಹಾಲು ನಿಂತಿತು. ಒಂಬತ್ತು ಗಂಟೆ ನಿಂತು, ಒಂದೂ ಸೇದದೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡನ ಪ್ಯಾಕಿಗೆ ಕೈ ಹಾಕುತ್ತಿದ್ದಳು. ಇರುವುದು ಒಂದೇ ಕೋಣೆ, ಒಂದೇ ಕಿಟಕಿ. ಗಾಳಿ ಬರಲಿ ಎಂದು ಮಗುವನ್ನು ಮಲಗಿಸುವುದೂ ಅದರ ಕೆಳಗೆ, ಅವಳು ನಿಲ್ಲುವುದೂ ಅದರ ಬಳಿ. ಗಂಡ ಮೆಟ್ಟಿಲಿಗೆ ಹೋಗುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಈಗ ಒಂದೇ ಕಡ್ಡಿಯಲ್ಲಿ ಎರಡು ಹಚ್ಚಿ ಒಂದನ್ನು ಇವಳಿಗೆ ಕೊಡುತ್ತಿದ್ದ. ಇಬ್ಬರ ನಡುವೆ ಜಗಳವಿಲ್ಲದೆ ನಡೆಯುತ್ತಿದ್ದದ್ದು ಅದೊಂದೇ.

ಮಗುವಿಗೆ ಆರು ತಿಂಗಳಾದಾಗ ಅರ್ಧ ದಿನ ರಜೆ ಹಾಕಿ ಅತ್ತೆಯೊಂದಿಗೆ ಮತ್ತೆ ಕ್ಲಿನಿಕ್ಕಿಗೆ ಹೋದಳು. ಡಾಕ್ಟರು ಕಡತ ತಿರುವಿ ಕೇಳಿದಳು.

"ನನ್ನ ಪತ್ರ ಕೊಟ್ರಾ?"

"ಕೊಟ್ಟೆ."

"ಕೆಲಸದಲ್ಲಿ ಸೇದೋದು ನಿಲ್ತಾ?"

"ನಿಂತೋಯ್ತು."

ಡಾಕ್ಟರ ಮುಖ ಅರಳಿತು. "ನೋಡಿದ್ರಾ? ಮನಸ್ಸು ಮಾಡಿದ್ರೆ ಆಗುತ್ತೆ" ಎಂದು ಕಡತದಲ್ಲಿ ಏನೋ ಗುರುತು ಹಾಕಿಕೊಂಡಳು. ಮಗುವಿನ ಎದೆಗೆ ಸ್ಟೆತಾಸ್ಕೋಪು ಇಟ್ಟಾಗ ಆ ಮುಖ ಮತ್ತೆ ಚಿಕ್ಕದಾಯಿತು. ಹೊಸ ಔಷಧಿ ಬರೆದುಕೊಟ್ಟು ಮುಂದಿನವರನ್ನು ಕರೆದಳು.

ಮೆಟ್ಟಿಲಿಳಿಯುವಾಗ ಅತ್ತೆ ತಡೆಯಲಾರದೆ, "ಮನೇಲಿ ಸೇದ್ತೀನಿ ಅಂತ ಬಾಯಿ ಬಿಟ್ಟು ಹೇಳೋಕೇನಾಗಿತ್ತೇ? ಮಗು ಹಿಂಗೆ ಗೊರ ಗೊರ ಅಂತಿದೆ" ಎಂದಳು.

"ಹೇಳಿದ್ರೆ ಇನ್ನೊಂದು ಚೀಟಿ ಬರೀತಾರೆ ಅತ್ತೆ."

ರಜೆ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಮನೆಗೆ ಬಂದು ಮಗುವಿಗೆ ಔಷಧಿ ಕುಡಿಸಿ, ಕಿಟಕಿಯ ಕೆಳಗೆ ಮಲಗಿಸಿ, ಅದು ನಿದ್ದೆ ಹೋಗುವವರೆಗೂ ತಡೆದುಕೊಂಡಳು. ಆಮೇಲೆ ಕಡ್ಡಿ ಗೀರಿದಳು.