ಹಳದಿ ನೂಲಿನ ಗಂಟು

ಸಂಸ್ಥಾನದ ಕಾಲದಲ್ಲಿ ನಾನು ಬನಹಟ್ಟಿಯ ಒಂದು ಸೀರೆ ಕಾರಖಾನೆಗೆ ಕಾರಭಾರಿಯಾಗಿದ್ದೆ. ಇಪ್ಪತ್ತು ಕೈಮಗ್ಗ, ಒಂದು ಬಣ್ಣದ ಮನೆ, ನಡುವೆ ದೊಡ್ಡ ಅಂಗಳ. ಆ ಕೆಲಸ ಸಿಕ್ಕಾಗ ಊರಲ್ಲೆಲ್ಲ ಎದೆಯುಬ್ಬಿಸಿಕೊಂಡು ತಿರುಗಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ನನಗಿಂತ ಮೊದಲಿದ್ದ ಮುದುಕ ಕಾರಭಾರಿ ಒಂದು ರೂಢಿ ಹಾಕಿಹೋಗಿದ್ದರು. ನೇಯುವಾಗ ಎಳೆ ಹರಿದರೆ, ಅಡ್ಡನೂಲಿನ ಹೊಕ್ಕು ತಪ್ಪಿದರೆ, ನೇಕಾರನೇ ಆ ಜಾಗದ ಅಂಚಿಗೆ ಹಳದಿ ನೂಲು ಕಟ್ಟಬೇಕು. ಕಟ್ಟಿದವನಿಗೆ ಬೈಗುಳವಿಲ್ಲ. ಮುದುಕರು ಮಗ್ಗದ ಪಕ್ಕ ಕೂತು, ಎಳೆ ಯಾಕೆ ಹರಿಯಿತು, ನೂಲಿಗೆ ಹಾಕಿದ ಗಂಜಿ ಕಡಿಮೆಯಾಯಿತೇ ಎಂದು ಅವನ ಜೊತೆಗೇ ಹುಡುಕುತ್ತಿದ್ದರು. ತಾವೇ ತಪ್ಪಾಗಿ ಹೇಳಿಕೊಟ್ಟು ಕೆಲಸ ಕೆಟ್ಟ ದಿನ, ಅದೇ ನೂಲನ್ನು ತಮ್ಮ ಮುಂಗೈಗೆ ಕಟ್ಟಿಕೊಂಡು ಸಂಜೆಯವರೆಗೆ ಅಂಗಳದಲ್ಲಿ ಓಡಾಡುತ್ತಿದ್ದರು. ನನಗೆ ಅದು ಮುದುಕರ ಹುಚ್ಚಾಟ ಅನ್ನಿಸಿತ್ತು. ಕಾರಭಾರಿ ಅಂದಮೇಲೆ ಸ್ವಲ್ಪ ಗತ್ತು ಬೇಡವೇ?

ಒಂದು ಬೇಸಿಗೆ ಜಮಖಂಡಿಯ ಮನೆತನವೊಂದರ ಮದುವೆಗೆ ಕೆಂಪು ಸೀರೆ ಬೇಕಾಗಿತ್ತು. ದಿನ ಕಡಿಮೆ. ಬಾವಿಯ ತಳ ಕಾಣುತ್ತಿತ್ತು. ನೂಲಿಗೆ ಬಣ್ಣ ಹಾಕುವ ಬಣ್ಣಗಾರ ಬಾವಿಕಟ್ಟೆಯ ಹತ್ತಿರ ನನ್ನನ್ನು ತಡೆದ. ಅಲ್ಲಿ ನಾವಿಬ್ಬರೇ ಇದ್ದೆವು.

"ನೂಲು ನಾಕ ನೀರಾಗ ಜಾಲಿಸಬೇಕ್ರಿ. ಎರಡಾಗ್ಯಾವು. ಬಾವ್ಯಾಗ ನೀರು ಊರಾಕ ಇನ್ನೊಂದು ದಿನ ಬೇಕ್ರಿ."

"ಎರಡ ಸಾಕು. ಒಣಗಿಸಿ ಮಗ್ಗಕ್ಕ ಕೊಡು."

"ಬಣ್ಣ ಬಿಡತೈತ್ರಿ."

"ನಾ ಹೇಳಾಕತ್ತೇನಿ, ಕೊಡು," ಎಂದು ನಾನು ಹೊರಟೇಬಿಟ್ಟೆ.

ಮದುವೆಯ ದಿನ ಆ ಸೀರೆ ಮದುಮಗಳ ಬೆವರಿಗೇ ಬಣ್ಣ ಬಿಟ್ಟಿತು. ಅವಳ ಕೈ, ಕುತ್ತಿಗೆ, ಮದುಮಗನ ಬಿಳಿ ಧೋತರ, ಎಲ್ಲ ಕೆಂಪು. ಅಪಶಕುನವೆಂದು ಬೀಗರು ಗದ್ದಲ ಎಬ್ಬಿಸಿದರಂತೆ. ಹುಡುಗಿಯ ತಂದೆ ಆ ಸೀರೆ ತಂದು ಕಾರಖಾನೆಯ ಒಡೆಯರಾದ ನಮ್ಮ ಸಾವುಕಾರರ ಕಾಲ ಬಳಿ ಒಗೆದು ಹೋದರು.

ಸಾವುಕಾರರು ಎಲ್ಲರನ್ನೂ ಅಂಗಳಕ್ಕೆ ಕರೆದರು. "ತೊಳಿಲಾರದ ನೂಲು ಮಗ್ಗಕ್ಕ ಕೊಟ್ಟಾವ ಯಾಂವ?"

ಬಣ್ಣಗಾರ ನನ್ನತ್ತ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ನಾನು ಹೇಳುತ್ತೇನೆಂದು ಕಾಯುತ್ತಿದ್ದ, ಅಷ್ಟೇ. ನಾನು ನೆಲ ನೋಡುತ್ತ ನಿಂತೆ. ಕೊನೆಗೆ ಅವನೇ, "ಬಣ್ಣದ ಮನಿ ನಂದ್ರಿ," ಎಂದ. ನಿಂತ ಕಾಲಲ್ಲೇ ಅವನನ್ನು ಕೆಲಸದಿಂದ ತೆಗೆದರು. ಅಂಗಳದ ಮೂಲೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದ ಅವನ ಹೆಂಡತಿಯೂ ರಾಟಿ ಬಿಟ್ಟು ಎದ್ದಳು.

ವಾರದೊಳಗೆ ಸೀರೆಗಳ ಅಂಚಿನಲ್ಲಿ ಹಳದಿ ನೂಲು ಕಾಣುವುದು ನಿಂತಿತು. ನನ್ನ ಬಿಗಿಗೆ ಕೆಲಸ ಸುಧಾರಿಸಿತೆಂದು ನಾನು ಹಿಗ್ಗಿದೆ! ಮಳೆಗಾಲ ಬರುವಷ್ಟರಲ್ಲಿ ಮುಧೋಳದ ಅಂಗಡಿಗಳಿಂದ ಗಂಟು ಗಂಟು ಸೀರೆ ವಾಪಸು ಬಂದವು. ಹರಿದ ಎಳೆಗಳನ್ನು ಗಂಜಿಯಿಂದ ಅಂಟಿಸಿದ್ದರು. ಕೆಟ್ಟ ನೇಯ್ಗೆ ಮಡಿಕೆಯೊಳಗೆ ಅಡಗಿತ್ತು. ಒಂದನ್ನು ಹಿಡಿದುಕೊಂಡು ಅಂಗಳದಲ್ಲಿ ನಿಂತು ಕೂಗಾಡಿದೆ.

"ಯಾರ ಕೈ ಇದು?"

ಇಪ್ಪತ್ತು ಜನರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಆಮೇಲೆ ಎಲ್ಲರಿಗಿಂತ ಹಿರಿಯ ನೇಕಾರ ಮೆಲ್ಲಗೆ, "ಸುಮ್ಮನ ನಿಲ್ಲೂದು ನಿಮ್ಮನ್ನ ನೋಡೇ ಕಲತೇವ್ರಿ," ಎಂದ. ಅಂದು ಬಣ್ಣಗಾರ ನನ್ನತ್ತ ನೋಡಿದ್ದನ್ನು ಎಲ್ಲರೂ ಕಂಡಿದ್ದರು; ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಬಣ್ಣಗಾರನನ್ನು ಹುಡುಕಿಕೊಂಡು ಅವನ ಹೆಂಡತಿಯ ಊರಾದ ತೇರದಾಳಕ್ಕೆ ಹೋದೆ. ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದ. ಉಗುರ ಸಂದಿಯ ಕೆಂಪು ಇನ್ನೂ ಹೋಗಿರಲಿಲ್ಲ. ತಪ್ಪು ನನ್ನದೇ ಎಂದು ಹೇಳಿ ಅವನ ಮುಂದೆ ಅತ್ತುಬಿಟ್ಟೆ. ಅವನು ಕೈಯ ಮಣ್ಣು ಕೊಡವಿಕೊಂಡ.

"ಇದನ್ನ ನನಗ್ಯಾಕ ಹೇಳ್ತೀರಿ? ನನಗ ಗೊತ್ತಿದ್ದದ್ದ ಐತಿ. ಅಂಗಳದಾಗ ಹೇಳ್ರಿ. ನಾಳಿ ಹೇಳಿದ್ರ ನಾಡಿದ್ದ ಬಂದು ಕೆಲಸಕ್ಕ ನಿಲ್ತೇನಿ."

"ಹೇಳ್ತೇನಿ," ಎಂದೆ. ಬರುವಾಗ ಬಂಡಿಯಲ್ಲಿ ಕೂತು ಹೊರಡುವಾಗ ಜೇಬಿಗೆ ಹಾಕಿಕೊಂಡಿದ್ದ ಹಳದಿ ನೂಲು ತೆಗೆದು ಮುಂಗೈಗೆ ಕಟ್ಟಿಕೊಂಡೆ. ಬನಹಟ್ಟಿಯ ಮೊದಲ ಮನೆಗಳು ಕಂಡಾಗ ಬಿಚ್ಚಿದೆ.

ಆ ಅಂಗಳದಲ್ಲಿ ಇನ್ನೂ ಆರು ವರ್ಷ ಕಾರಭಾರಿಯಾಗಿದ್ದೆ. ಹೇಳಲಿಲ್ಲ.